ಸುಂಕಮ್ಮನ ಹಂದಿ ಕಿರೀಟ ತಿಕ್ಕಿತಂತೆ

ನಾನು ಒಂದು ಕುಂಚ. ಗೋಡೆಗೆ ಬಣ್ಣ ಬಳಿಯುವ ಕುಂಚವಲ್ಲ. ಅಕ್ಕಸಾಲಿಗರು ಒಡವೆ ತಿಕ್ಕಿ ಹೊಳಪು ಕೊಡಲು ಇಟ್ಟುಕೊಳ್ಳುತ್ತಾರಲ್ಲ, ಬೀಟೆಮರದ ಹಿಡಿಯ, ಬಿರುಸು ಕೂದಲಿನ ಕುಂಚ, ಅದು. ನನ್ನ ಕೂದಲು ಯಾವ ಪ್ರಾಣಿಯದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಹೇಳದೆ ಬಾಯಿ ಮುಚ್ಚಿಕೊಂಡವರ ಕೈಯಲ್ಲೇ ನನ್ನ ಆಯುಸ್ಸೆಲ್ಲ ಕಳೆದುಹೋಯಿತು. ಅದು ಹಂದಿಯ ಕೂದಲು. ಕಾಡುಹಂದಿಯೂ ಅಲ್ಲ, ಊರ ಬೀದಿಯ ಹಂದಿ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಿ, ಕತೆಯ ನಡುವೆ ಎದ್ದು ಹೋಗಬೇಡಿ.

ನಾನು ಹುಟ್ಟಿದ್ದು ಕರಿಯವ್ವ ಎಂಬ ಹೆಣ್ಣುಹಂದಿಯ ಬೆನ್ನಿನ ಮೇಲೆ. ಅದನ್ನು ಸಾಕಿದವಳು ಸುಂಕಮ್ಮ. ಕರೆಮಲ್ಲಾಪುರದ ಕೆರೆ ಏರಿಯ ಕೆಳಗೆ ಅವಳ ಗುಡಿಸಲು. ಗಂಡ ಸತ್ತಿದ್ದ. ಇದ್ದವರು ಅವಳು, ಮಗಳು ಕೆಂಚಿ, ಕರಿಯವ್ವ ಮತ್ತು ಅದರ ಮರಿಗಳು. ಊರವರು ಆ ಗುಡಿಸಲನ್ನು ಹಂದಿಗೂಡು ಎನ್ನುತ್ತಿದ್ದರು. ಕೊಳಕಾದ ಕೋಣೆಗೆಲ್ಲ ಆ ಹೆಸರಿಡುವವರು ಒಮ್ಮೆಯಾದರೂ ಹಂದಿ ಮಲಗುವ ಜಾಗಕ್ಕೆ ಬಗ್ಗಿ ನೋಡಿಲ್ಲ. ಕರಿಯವ್ವ ತಾನು ಮಲಗುವ ಕಡೆ ಎಂದೂ ಹೇಸಿಗೆ ಮಾಡಿದ್ದಿಲ್ಲ, ಅದಕ್ಕೆ ದೂರದ ಒಂದು ಮೂಲೆ ಇತ್ತು. ಅದು ಕೆಸರಿನಲ್ಲಿ ಹೊರಳುತ್ತಿದ್ದುದು ನಿಜ. ಮೈ ಬೆವರದ ಪ್ರಾಣಿ ಬೇಸಿಗೆಯಲ್ಲಿ ಇನ್ನೇನು ಮಾಡಬೇಕು, ಬೀಸಣಿಗೆ ಹಿಡಿದು ಕೂರಬೇಕೇ?

ಇಂಥ ಮಾತುಗಳು ಹುಟ್ಟುವ ಬಗೆಯನ್ನು ನಾನು ಬಹಳ ಯೋಚಿಸಿದ್ದೇನೆ. ನನಗೆ ಯೋಚಿಸಲು ಬೇಕಾದಷ್ಟು ಬಿಡುವಿತ್ತು. 'ಹಂದಿ ಜೊತೆ ಸೇರಿ ಕರು ಹೇಲು ತಿಂತು' ಎನ್ನುತ್ತಾರೆ. ಆ ಕರುವಿನ ಒಡೆಯ ಅದಕ್ಕೆ ಹೊತ್ತಿಗೆ ಸರಿಯಾಗಿ ಹುಲ್ಲು ಹಾಕಿದ್ದನೇ ಎಂದು ಯಾರಾದರೂ ಕೇಳಿದ್ದುಂಟೇ? 'ಹಂದಿ ಜೊತೆ ಸರಸಕ್ಕಿಂತ ಗಂಧದವರ ಜೊತೆ ಗುದ್ದಾಟ ಮೇಲು' ಎನ್ನುತ್ತಾರೆ. ಈ ಗಾದೆ ಕಟ್ಟಿದವನು ಗಂಧ ಮಾರುವವನೇ ಇರಬೇಕು. ಹಳೆಯ ಕಾಲದಲ್ಲಿ ಚಿನ್ನದ ನಾಣ್ಯಕ್ಕೆ ವರಾಹ ಎಂದು ಹೆಸರಿತ್ತಂತೆ, ಅದರ ಮೇಲೆ ಹಂದಿಮೋರೆಯ ದೇವರ ಅಚ್ಚು ಇತ್ತಂತೆ. ವರಾಹ ಎಂದರೆ ಪೆಟ್ಟಿಗೆಗೆ, ಹಂದಿ ಎಂದರೆ ತಿಪ್ಪೆಗೆ. ಪ್ರಾಣಿ ಒಂದೇ. ಇವೆಲ್ಲ ನಾನು ಹುಟ್ಟುವ ಮೊದಲಿನ ಮಾತುಗಳು, ಅವುಗಳ ಹುಟ್ಟನ್ನು ಕಂಡವರು ಈಗ ಯಾರೂ ಇಲ್ಲ. ಆದರೆ ಒಂದು ಗಾದೆ ನನ್ನ ಕಾಲದಲ್ಲೇ ಹುಟ್ಟಿತು, ನನ್ನಿಂದಲೇ ಹುಟ್ಟಿತು. ಈ ಕತೆ ಅದರದು.

ಬೇಸಿಗೆ ಬಂದಾಗ ಹಂದಿಯ ಬೆನ್ನಿನ ಉದ್ದಕೂದಲು ಸಡಿಲವಾಗುತ್ತದೆ. ಸುಂಕಮ್ಮ ಕರಿಯವ್ವನ ಹೊಟ್ಟೆ ಕೆರೆಯುತ್ತಿದ್ದಳು. ಹೊಟ್ಟೆ ಕೆರೆದರೆ ಹಂದಿ ಕಾಲು ಚಾಚಿ ಮಲಗಿಬಿಡುತ್ತದೆ, ಬೇಕಾದರೆ ಪರೀಕ್ಷಿಸಿ. ಹಾಗೆ ಮಲಗಿದಾಗ ಮೆಲ್ಲಗೆ ಒಂದೊಂದೇ ಕೂದಲು ಕಿತ್ತು, ಬೂದಿ ನೀರಿನಲ್ಲಿ ಕುದಿಸಿ, ಒಣಗಿಸಿ, ಮುತ್ತುಗದೆಲೆಯಲ್ಲಿ ಸುತ್ತುತ್ತಿದ್ದಳು. ಆ ಪೊಟ್ಟಣ ಹೋಗುತ್ತಿದ್ದುದು ಅಕ್ಕಸಾಲಿಗರ ಓಣಿಯ ಮೌನಾಚಾರಿಯ ಮನೆಗೆ, ಅದೂ ಹಿತ್ತಲ ಬಾಗಿಲಿಗೆ.

ಆ ಓಣಿಯಲ್ಲಿ ಒಂದು ಕಟ್ಟು ಇತ್ತು. ಹಂದಿ ಎಂಬ ಮಾತನ್ನು ಅಕ್ಕಸಾಲೆಯೊಳಗೆ ಆಡುವಂತಿರಲಿಲ್ಲ. ಹಂದಿ ಕೂದಲಿಲ್ಲದೆ ಅವರ ಒಂದು ದಿನದ ಕೆಲಸವೂ ಸಾಗುತ್ತಿರಲಿಲ್ಲ ಎಂಬುದು ಬೇರೆ ಮಾತು. ಚಿನ್ನದ ಕೆತ್ತನೆಯ ಸಂದಿಗೆ ಇಳಿಯುವಷ್ಟು ಬಿರುಸು, ಗೀರು ಬೀಳದಷ್ಟು ಬಳುಕು, ಎರಡೂ ಇರುವುದು ಅದೊಂದಕ್ಕೇ. ಅದಕ್ಕೆ ಅವರು 'ಎಳೆ' ಎಂದು ಹೆಸರಿಟ್ಟುಕೊಂಡಿದ್ದರು. ಹೆಸರು ಬದಲಾದ ಕೂಡಲೇ ಮಡಿಯೂ ಬಂದಂತಾಯಿತು.

“ಎಳೆ ತಂದೀನಿ ಸಾಮಿ,” ಎನ್ನುತ್ತಿದ್ದಳು ಸುಂಕಮ್ಮ ಹಿತ್ತಲ ಕಲ್ಲಿನ ಮೇಲೆ ಪೊಟ್ಟಣ ಇಟ್ಟು.

“ಇಟ್ಟಿರು ಸುಂಕಮ್ಮ. ರಾಗಿ ಇಸ್ಕೊಂಡು ಹೋಗು,” ಎನ್ನುತ್ತಿದ್ದ ಮೌನಾಚಾರಿ.

ಹೀಗೆ ಒಂದು ಬೇಸಿಗೆಯಲ್ಲಿ ನಾನು ಅವನ ಕೈ ಸೇರಿದೆ. ಅವನು ಬೀಟೆಮರದ ಹಿಡಿಗೆ ತೂತು ಕೊರೆದು, ನನ್ನ ಕೂದಲನ್ನು ದಾರದಲ್ಲಿ ಬಿಗಿದು, ಬುಡಕ್ಕೆ ಅರಗು ಕಾಯಿಸಿ ಸುರಿದ. ಕೈ ಒಳ್ಳೆಯ ಕೈ, ಅದನ್ನು ಇಲ್ಲ ಎನ್ನಲಾರೆ. ಮನುಷ್ಯನೂ ಕೆಟ್ಟವನಾಗಿರಲಿಲ್ಲ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎನ್ನುತ್ತಾರೆ, ಇವನು ಬಿಡುತ್ತಿದ್ದ.

ನಾನು ಹೊಸದಾಗಿ ಬಂದ ವರ್ಷವೇ ಒಂದು ದಿನ ಸುಂಕಮ್ಮ ಮಗಳನ್ನು ಜೊತೆಗೆ ಕರೆತಂದಳು. ಕೆಂಚಿಯ ಕಿವಿ ಕೆಂಪಾಗಿ ಊದಿತ್ತು. ಅವರ ಕೇರಿಯ ಮಕ್ಕಳ ಕಿವಿಯನ್ನು ಯಾವ ಅಕ್ಕಸಾಲಿಯೂ ಮುಟ್ಟುತ್ತಿರಲಿಲ್ಲ. ಅವರು ತಾವೇ ಜಾಲಿಮುಳ್ಳಿನಿಂದ ಚುಚ್ಚಿಕೊಳ್ಳುತ್ತಿದ್ದರು. ಈ ಮಗುವಿಗೆ ಅದು ಕೀವಾಗಿ ಜ್ವರ ಬಂದಿತ್ತು.

ಮೌನಾಚಾರಿ ಹೊರಗೆ ಬಂದು ನೋಡಿದ. ಒಳಗಿನಿಂದ ಅವನ ಹೆಂಡತಿ ಕಾಳಮ್ಮ, “ಏನ್ರೀ, ಅಲ್ಲೇ ಇರಿ,” ಎಂದಳು. ಅವನು ಕೇಳಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಮಗುವನ್ನು ಕೂರಿಸಿ, ಕಿವಿ ತೊಳೆದು, ಅರಿಸಿನ ಹಚ್ಚಿ, ಕೀವು ಆರಿದ ಮೇಲೆ ಮತ್ತೆ ಕರೆಸಿ, ತನ್ನ ಚಿನ್ನದ ತಂತಿಯಿಂದಲೇ ಚುಚ್ಚಿ ಸುತ್ತಿಕೊಟ್ಟ. ಕಾಳಮ್ಮ ಅವನ ಮೇಲೆ ಬಾವಿ ನೀರು ಸುರಿದು ಒಳಗೆ ಬಿಟ್ಟುಕೊಂಡಳು. ಸುಂಕಮ್ಮ ಮಾತ್ರ ಅವತ್ತು ಹಿತ್ತಲಲ್ಲಿ ನಿಂತು ಅತ್ತಳು. “ನನ್ನ ಮಗಳ ಕಿವಿ ಮುಟ್ಟಿದ ಕೈ ಸಾಮಿ ಇದು. ನಾ ಸಾಯೋಗಂಟ ಮರೆಯಾಕಿಲ್ಲ,” ಎಂದಳು. ಅವಳು ಮರೆಯಲಿಲ್ಲ. ಎಲ್ಲ ಅನರ್ಥವೂ ಅವಳು ಮರೆಯದೆ ಇದ್ದುದರಿಂದಲೇ ಆಯಿತು.

ಕರೆಮಲ್ಲಾಪುರದ ದೊಡ್ಡ ದೇವರು ವರಾಹಸ್ವಾಮಿ. ಹೌದು, ಹಂದಿಮೋರೆಯವನೇ. ನಗುವವರು ನಗಬಹುದು. ಆ ದೇವರಿಗೆ ಹಿಂದಿನ ಪಾಳೆಗಾರರು ಕೊಟ್ಟ ಚಿನ್ನದ ಕಿರೀಟವಿತ್ತು. ವರ್ಷಕ್ಕೊಮ್ಮೆ, ವರಾಹ ಜಯಂತಿಯ ದಿನ, ಅದನ್ನು ಖಜಾನೆಯಿಂದ ತೆಗೆದು ಮುಡಿಸುತ್ತಿದ್ದರು. ಅದಕ್ಕೆ ಮುನ್ನ ಹೊಳಪು ಕೊಡುವ ಹಕ್ಕು ಮೌನಾಚಾರಿಯ ಮನೆತನದ್ದು, ಅವನ ಮನೆಯೂ ಆ ಹಕ್ಕಿನ ಮೇಲೆ ದೇವಸ್ಥಾನ ಕೊಟ್ಟಿದ್ದು. ದೇವಸ್ಥಾನದ ಪ್ರಾಕಾರದ ಕಟ್ಟೆಯ ಮೇಲೆ ಕೂತು, ಅಂಟುವಾಳದ ನೊರೆಯಲ್ಲಿ ನನ್ನನ್ನು ಅದ್ದಿ, ಕಿರೀಟದ ಎಸಳೆಸಳನ್ನೂ ಅವನು ತಿಕ್ಕುತ್ತಿದ್ದ. ಕರಿಯವ್ವನ ಬೆನ್ನು ದೇವರ ತಲೆ ಮುಟ್ಟುತ್ತಿತ್ತು. ನನಗೆ ಹೆಮ್ಮೆ ಇತ್ತು, ಯಾಕೆ ಸುಳ್ಳು ಹೇಳಲಿ.

ಕೆಂಚಿಯ ಕಿವಿ ಚುಚ್ಚಿದ ಆ ವರ್ಷದ ಜಯಂತಿಯ ದಿನ ಕೆಲಸ ಮುಗಿದ ಮೇಲೆ ಮೌನಾಚಾರಿ ನನ್ನನ್ನು ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲ ಬಳಿ ನಿಂತಿದ್ದ. ದೇವರನ್ನು ಹೊಸ್ತಿಲವರೆಗೆ ತಂದು ನಿಲ್ಲಿಸಿದರು. ಬಿಸಿಲು ಕಿರೀಟಕ್ಕೆ ಬಿತ್ತು. ಜನ “ಗೋವಿಂದ” ಎಂದರು. ಅವಳ ಕೇರಿಯವರು ದಾಟಬಾರದ ಮೋಟುಗೋಡೆಯ ಆಚೆ ಸುಂಕಮ್ಮ ಮಗಳೊಡನೆ ನಿಂತಿದ್ದಳು. ಕೆಂಚಿ ಕಿರೀಟ ನೋಡುವ ಆಸೆಗೆ ಗೋಡೆಯ ಮೇಲೆ ಕೈಯೂರಿ ಎಗರಿದಳು. ಅಲ್ಲಿ ಹೂ ಮಾರುತ್ತಿದ್ದ ಪುಟ್ಟನಂಜಿ ಅವಳ ಕೈಮೇಲೆ ಬುಟ್ಟಿಯ ಕಡ್ಡಿಯಿಂದ ಹೊಡೆದಳು.

“ಏಯ್ ಹಂದಿಮರಿ, ಇಳಿಯೇ ಕೆಳಗೆ! ಗೋಡೆ ಮೈಲಿಗೆ ಮಾಡ್ತೀಯಾ?”

ಮಗು ಇಳಿಯಿತು. ಅಳಲಿಲ್ಲ, ತಲೆ ತಗ್ಗಿಸಿ ಕೈ ಉಜ್ಜಿಕೊಂಡಿತು. ಅದು ಅತ್ತಿದ್ದರೆ ಸುಂಕಮ್ಮ ತಡೆದುಕೊಳ್ಳುತ್ತಿದ್ದಳೋ ಏನೋ. ಅದು ತಲೆ ತಗ್ಗಿಸಿದ್ದನ್ನು ಅವಳಿಗೆ ನೋಡಲಾಗಲಿಲ್ಲ.

“ಯಾಕವ್ವ ಹೊಡಿತೀಯ?” ಎಂದಳು ಗಟ್ಟಿಯಾಗಿ. “ಆ ಕಿರೀಟ ಅಂಗೆ ಫಳಫಳ ಅಂತೈತಲ್ಲ, ಯಾತರಾಗೆ ತಿಕ್ಕಿದ್ದು ಗೊತ್ತಾ? ನಮ್ಮ ಕರಿಯವ್ವನ ಕೂದ್ಲಾಗೆ! ನಮ್ಮ ಹಂದಿ ಕೂದ್ಲಿಲ್ದೆ ನಿಮ್ಮ ಸಾಮಿಗೆ ಹೊಳಪೇ ಇಲ್ಲ. ನೋಡ್ಕಳೇ ಕೆಂಚಿ, ಚೆನ್ನಾಗಿ ನೋಡ್ಕ!”

“ದಿಟವಾ ಅವ್ವಾ?” ಎಂದಿತು ಮಗು. ಮತ್ತೆ ಮೇಲೆದ್ದ ಅದರ ಮುಖ ನನಗೆ ಗೋಡೆಯ ಮೇಲಿಂದ ಕಾಣುತ್ತಿತ್ತು. ಆ ಕಿರೀಟಕ್ಕೂ ಅವತ್ತು ಅಷ್ಟು ಹೊಳಪಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೋಡೆಯ ಈಚೆ ಗೋವಿಂದ ಎನ್ನುತ್ತಿದ್ದ ಬಾಯಿಗಳೆಲ್ಲ ಅರ್ಧಕ್ಕೇ ನಿಂತವು. ನನ್ನನ್ನು ಸಿಕ್ಕಿಸಿಕೊಂಡಿದ್ದ ಸೊಂಟ ಬೆವೆತು ತಣ್ಣಗಾಯಿತು.

ಮಾರನೆಯ ಬೆಳಿಗ್ಗೆ ದೇವಸ್ಥಾನದ ಜಗಲಿಯಲ್ಲಿ ಪಂಚಾಯಿತಿ ಸೇರಿತು. ಧರ್ಮದರ್ಶಿ ತಿರುಮಲಯ್ಯನವರು ನಡುವೆ ಕೂತರು. ಮೌನಾಚಾರಿಯನ್ನು ಕರೆದರು, ಸುಂಕಮ್ಮನನ್ನು ಅಂಗಳದಲ್ಲಿ ನಿಲ್ಲಿಸಿದರು. ಕೆಂಚಿ ಅವಳ ಸೀರೆ ಹಿಡಿದುಕೊಂಡಿದ್ದಳು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ತಿರುಮಲಯ್ಯನವರಿಗೆ ಎಲ್ಲ ಗೊತ್ತಿತ್ತು. ಅವರ ಅಪ್ಪನಿಗೂ ಗೊತ್ತಿತ್ತು, ಅರ್ಚಕರಿಗೂ ಗೊತ್ತಿತ್ತು. ಅವರ ಮನೆಯ ಹೆಂಗಸರ ಸರ ಬಳೆ ಎಲ್ಲ ನನ್ನ ಕೂದಲಡಿಯಲ್ಲೇ ಹೊಳಪು ಪಡೆದವು. ತಪ್ಪು ಕೂದಲಿನದಾಗಿರಲಿಲ್ಲ, ಬಾಯಿ ಬಿಟ್ಟದ್ದಾಗಿತ್ತು.

“ಏನಪ್ಪ ಆಚಾರಿ, ಈ ಹೆಂಗಸು ಹೇಳೋದು ನಿಜವೇ?” ಎಂದರು.

ಮೌನಾಚಾರಿ ನನ್ನನ್ನು ಸೊಂಟದಿಂದ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ. “ಇದು ಮೇಕೆ ಕೂದಲು ಸ್ವಾಮಿ. ನಮ್ಮ ಅಪ್ಪನ ಕಾಲದಿಂದಲೂ ಮೇಕೆದೇ. ಈ ಕುಂಚ ಮುಟ್ಟಿ ಆಣೆ ಇಡ್ತೀನಿ.”

ನನ್ನನ್ನೇ ಮುಟ್ಟಿ ನನ್ನ ಮೇಲೇ ಸುಳ್ಳು ಹೇಳಿದ. ನನಗೆ ನಾಲಿಗೆ ಇದ್ದಿದ್ದರೆ ಅವತ್ತು ಆಡುತ್ತಿದ್ದೆ.

“ಹಂಗಾದರೆ ಅವಳೇ ನೋಡಿ ಹೇಳಲಿ,” ಎಂದರು ಯಾರೋ. ನನ್ನನ್ನು ಅಂಗಳದ ಕಲ್ಲಿನ ಮೇಲೆ ಇಟ್ಟರು. ಸುಂಕಮ್ಮ ಬಗ್ಗಿ ನೋಡಿದಳು. ತಾನೇ ಕಿತ್ತು, ಕುದಿಸಿ, ಒಣಗಿಸಿದ ಕೂದಲು ಅವಳಿಗೆ ಗುರುತು ಸಿಗದೆ ಇದ್ದೀತೇ? ಆಮೇಲೆ ತಲೆಯೆತ್ತಿ ಮೌನಾಚಾರಿಯನ್ನು ನೋಡಿದಳು. ಅವನು ಅವಳ ಕಡೆ ನೋಡಲಿಲ್ಲ. ಕೆಂಚಿಯ ಕಿವಿಯಲ್ಲಿದ್ದ ಚಿನ್ನದ ತಂತಿಯ ಕಡೆ ಒಂದು ಸಲ ನೋಡಿ ಕಣ್ಣು ತಿರುಗಿಸಿದ. ಅವಳು ನಿಜ ಹೇಳಿದರೆ ಅವನ ಹಕ್ಕು ಹೋಗುತ್ತಿತ್ತು, ಮನೆ ಹೋಗುತ್ತಿತ್ತು, ಓಣಿಯಲ್ಲಿ ಅವನಿಗೆ ನೀರು ಬೆಂಕಿ ಕೊಡುವವರಿರುತ್ತಿರಲಿಲ್ಲ. ಅದು ಅವಳಿಗೆ ತಿಳಿಯಿತು. ನಾನು ಕಲ್ಲಿನ ಮೇಲೆ ಬಿದ್ದುಕೊಂಡು ಅವಳ ಬಾಯನ್ನೇ ನೋಡುತ್ತಿದ್ದೆ.

“ಮೇಕೇದು ಸಾಮಿ,” ಎಂದಳು. “ನಾನೇ ಸುಳ್ಳಾಡ್ದೆ. ಬಾಯಿ ಹರ್ಕಂಡು ಏನೋ ಅಂದ್ಬಿಟ್ಟೆ.”

“ಅವ್ವಾ?” ಎಂದಳು ಕೆಂಚಿ.

ಸುಂಕಮ್ಮ ಮಗಳ ಕಡೆ ತಿರುಗಲಿಲ್ಲ. ಮಗಳೇ ತಾನು ಹಿಡಿದಿದ್ದ ಸೆರಗನ್ನು ಬಿಟ್ಟಳು. ಪಂಚಾಯಿತಿ ಕಂಡದ್ದು ಒಬ್ಬ ಸುಳ್ಳಿಯನ್ನು. ನಾನು ಕಂಡದ್ದು ಆ ಸೆರಗು ಬಿಟ್ಟ ಕೈಯನ್ನು.

ದೇವರ ಹೆಸರಿಗೆ ಕಳಂಕ ತಂದಳೆಂದು ಅವಳ ಗುಡಿಸಲನ್ನು ಏರಿಯ ಬುಡದಿಂದ ಕೀಳಿಸಿದರು. ಊರೊಳಗೆ ಹಂದಿ ಬಿಡಬಾರದೆಂದು ಸಾರಿಸಿದರು. ಅವಳು ಊರಾಚೆ, ಸತ್ತ ದನ ಎಳೆದು ಹಾಕುವ ಹಳ್ಳದ ಪಕ್ಕಕ್ಕೆ ಹೋದಳು. ಕರಿಯವ್ವನನ್ನು ಓಡಿಸುವಾಗ ಹುಡುಗರು ಹೊಡೆದ ಕಲ್ಲು ತಲೆಗೆ ತಗುಲಿ ಅದು ಹಳ್ಳದ ದಾರಿಯಲ್ಲೇ ಸತ್ತಿತಂತೆ. ನನ್ನ ತಾಯಿ ಸತ್ತ ಸುದ್ದಿ ನನಗೆ ತಿಳಿದದ್ದು ಗಿರಾಕಿಯೊಬ್ಬ ನಗುತ್ತಾ ಹೇಳಿದ್ದರಿಂದ.

ಪಂಚಾಯಿತಿಯ ಸಂಜೆಯೇ ತಿರುಮಲಯ್ಯನವರು ಅಕ್ಕಸಾಲೆಗೆ ಬಂದರು. ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು. “ಎಳೆ ಅದೇ ಇರಲಿ ಆಚಾರಿ. ಬದಲಾಯಿಸಿದರೆ ಹೊಳಪು ಕಡಿಮೆ ಆದೀತು. ಮಾತು ಮಾತ್ರ ಹೊರಗೆ ಬರಬಾರದು.”

ಆದರೂ ಮೌನಾಚಾರಿ ಹೆದರಿ ಮರುವರ್ಷ ಪೇಟೆಯಿಂದ ನೈಲಾನ್ ಕುಂಚ ತರಿಸಿದ. ಅದು ಎಸಳಿನ ಸಂದಿಯ ಕಪ್ಪನ್ನು ಬಿಡಿಸಲಿಲ್ಲ, ಮೇಲೆ ಗೀರು ಮಾತ್ರ ಎಳೆಯಿತು. ಅವನು ಗಾಬರಿಯಿಂದ ಪೆಟ್ಟಿಗೆಯ ತಳದಿಂದ ನನ್ನನ್ನು ಹುಡುಕಿ ತೆಗೆದ. ಆಮೇಲೆ ಪ್ರತಿ ವರ್ಷವೂ ನಾನೇ. ನನ್ನ ಹಿಡಿಗೆ ಕಾಳಮ್ಮ ಒಂದು ಹಳದಿ ದಾರ ಕಟ್ಟಿದಳು, ಮಡಿಯ ಕುಂಚ ಎಂದು ಗುರುತಿಗೆ.

ಒಂದು ಸಲ ಸುಂಕಮ್ಮ ಬಂದಳು. ನನ್ನ ಕೂದಲು ಸವೆದಿರಬೇಕೆಂದು ಅವಳಿಗೆ ಲೆಕ್ಕವಿತ್ತು. ಹಿತ್ತಲಲ್ಲಿ ನಿಂತು, “ಎಳೆ ತಂದೀನಿ ಸಾಮಿ, ಕರಿಯವ್ವನ ಮರೀದು,” ಎಂದಳು.

ಕಾಳಮ್ಮ ಬಾಗಿಲ ಸಂದಿಯಿಂದಲೇ, “ನಮಗೆ ಮೇಕೆ ಕೂದಲು ಬೇರೆ ಕಡೆಯಿಂದ ಬರುತ್ತೆ, ಹೋಗಮ್ಮ,” ಎಂದಳು. ಮೌನಾಚಾರಿ ಒಳಗೇ ಇದ್ದ. ಊದುಗೊಳವೆ ಬಾಯಲ್ಲಿಟ್ಟುಕೊಂಡು ಆರಿದ ಕೆಂಡವನ್ನು ಊದುತ್ತಲೇ ಇದ್ದ. ಸುಂಕಮ್ಮ ಪೊಟ್ಟಣವನ್ನು ಕಲ್ಲಿನ ಮೇಲೆ ಬಿಟ್ಟು ಹೋದಳು. ಅವಳು ಮರೆಯಾದ ಮೇಲೆ ಅವನು ಎದ್ದು ಹೋಗಿ ಅದನ್ನು ತಂದು, ನನ್ನ ಸವೆದ ಜಾಗಕ್ಕೆಲ್ಲ ಹೊಸ ಕೂದಲು ತುಂಬಿದ. ಅವತ್ತು ರಾಗಿ ಕೊಡುವುದೂ ಉಳಿಯಿತು. ಅವಳು ಮತ್ತೆ ಬರಲಿಲ್ಲ. ಹಳ್ಳದ ಪಕ್ಕದಲ್ಲೇ ಸತ್ತಳೆಂದು ಕೇಳಿದೆ.

ಸುಂಕಮ್ಮ ಸತ್ತಳು, ಗಾದೆ ಹುಟ್ಟಿತು. ಮೊದಲು ಅಂದವಳು ಹೂವಿನ ಪುಟ್ಟನಂಜಿಯೇ ಇರಬೇಕು. ಯಾರೋ ತಮ್ಮ ಎಮ್ಮೆ ಕೊಡ ತುಂಬ ಹಾಲು ಕೊಡುತ್ತದೆ ಎಂದಾಗ, “ಹೂಂ ಕಣಪ್ಪ, ಸುಂಕಮ್ಮನ ಹಂದಿ ಕಿರೀಟ ತಿಕ್ಕಿತಂತೆ,” ಎಂದಳಂತೆ. ಜನ ನಕ್ಕರು. ನಕ್ಕ ಮಾತಿಗೆ ಕಾಲು ಬರುತ್ತದೆ. ಸಂತೆಗೆ ಹೋಯಿತು, ಬಸ್ಸು ಹತ್ತಿತು, ಪಕ್ಕದ ಊರುಗಳಿಗೂ ಹಬ್ಬಿತು. ಯಾರಾದರೂ ಬಡಾಯಿ ಕೊಚ್ಚಿದರೆ, ನಂಬಲಾಗದ ಸುಳ್ಳು ಹೇಳಿದರೆ, ಎಲ್ಲರ ಬಾಯಲ್ಲೂ ಅದೇ. ಸುಂಕಮ್ಮ ಯಾರು, ಯಾವ ಕಿರೀಟ, ಯಾರಿಗೂ ನೆನಪು ಉಳಿಯಲಿಲ್ಲ. ಗಾದೆಗೆ ಅರ್ಥ ಗೊತ್ತಿದ್ದರೆ ಸಾಕು, ಹುಟ್ಟು ಬೇಕಿಲ್ಲ. ಬೇರೆ ಹಂದಿಗಾದೆಗಳೂ ಹೀಗೇ ಹುಟ್ಟಿರಬೇಕು ಎಂದು ನನಗೆ ಅನ್ನಿಸಿದ್ದು ಆಗಲೇ. ಪ್ರತಿಯೊಂದರ ಬುಡದಲ್ಲೂ ಒಬ್ಬ ಸುಂಕಮ್ಮ ಹೂತುಹೋಗಿರಬೇಕು.

ಅಕ್ಕಸಾಲೆಯಲ್ಲಿ ಗಿರಾಕಿಯೊಬ್ಬ ಮೊದಲ ಸಲ ಆ ಮಾತು ಆಡಿದಾಗ ಮೌನಾಚಾರಿಯ ಕೈ ನಿಂತುಹೋಯಿತು. ಹಿಡಿದಿದ್ದ ಓಲೆ ಕೆಳಗೆ ಬಿತ್ತು. ಎರಡನೆಯ ಸಲ ಸುಮ್ಮನೆ ತಿಕ್ಕುತ್ತಾ ಕೂತ. ಕೆಲವು ವರ್ಷ ಕಳೆದ ಮೇಲೆ ಗಿರಾಕಿಯ ಜೊತೆ ತಾನೂ ನಕ್ಕ. ಅವನ ಮಗ ಪಕ್ಕದ ಪಟ್ಟಣದಲ್ಲಿ ಯಾವುದೋ ದೊಡ್ಡ ಅಂಗಡಿಯವರು ತನ್ನನ್ನು ಪಾಲುದಾರನಾಗಿ ಮಾಡಿಕೊಳ್ಳುತ್ತಾರೆ ಎಂದಾಗ, ಅವನೇ ನನ್ನನ್ನು ಕೈಯಲ್ಲಿ ಹಿಡಿದುಕೊಂಡು, “ಸುಂಕಮ್ಮನ ಹಂದಿ ಕಿರೀಟ ತಿಕ್ಕಿತಂತೆ, ಹೋಗೋ,” ಎಂದ. ತಾನು ಅಂದದ್ದು ಏನೆಂದು ಅವನಿಗೆ ಹೊಳೆಯಲೇ ಇಲ್ಲ. ಅವನ ಸುಳ್ಳನ್ನು ನಾನು ಕ್ಷಮಿಸಿಯೇನು. ಹೆದರಿದ ಮನುಷ್ಯ, ಹೆಂಡತಿ ಮಕ್ಕಳಿದ್ದವನು. ಈ ಮರೆವನ್ನು ಮಾತ್ರ ಕ್ಷಮಿಸಲಾರೆ.

ಅವನೂ ಹೋದ. ಮಗ ಹೊಳಪು ಕೊಡುವ ಯಂತ್ರ ತಂದ. ಅಂಗಡಿಗೆ ಗಾಜು ಹಾಕಿಸುವಾಗ ಹಳೆಯ ಅಕ್ಕಸಾಲೆಯ ನೆಲದ ಮಣ್ಣನ್ನೆಲ್ಲ ಕೆರೆದು ಜಾಲಗಾರರಿಗೆ ಮಾರಿದ. ಅಕ್ಕಸಾಲೆಯ ಕಸವನ್ನು ಕೊಂಡು, ನೀರಿನಲ್ಲಿ ಜಾಲಿಸಿ, ಉದುರಿದ ಚಿನ್ನದ ಪುಡಿ ಆರಿಸುವವರು ಅವರು. ಹಳೆಯ ಕುಂಚದಲ್ಲೂ ಚಿನ್ನ ಸಿಕ್ಕಿಕೊಂಡಿರುತ್ತದೆಂದು ನನ್ನನ್ನೂ ಒಯ್ದರು, ತೊಳೆದರು, ಜಾಡಿಸಿದರು, ಸಿಕ್ಕಷ್ಟು ತೆಗೆದುಕೊಂಡು ಎಸೆದರು. ಪುರಸಭೆಯ ಕಸದ ಗಾಡಿ ನನ್ನನ್ನು ಹೊತ್ತು ಹಳ್ಳದ ಪಕ್ಕ ಸುರಿಯಿತು. ಹೌದು, ಅದೇ ಹಳ್ಳ. ಈಗ ಅದು ಊರಿನ ಕಸದ ಗುಡ್ಡೆ.

ಅಲ್ಲಿ ಇಬ್ಬರು ಹೆಂಗಸರು ಕಸ ಬೇರೆ ಮಾಡುತ್ತಿದ್ದರು. ಒಬ್ಬಳು ಚಿಕ್ಕವಯಸ್ಸಿನವಳು, ಹೆಸರು ರೇಣವ್ವ, ಬೇರೆ ಊರಿಂದ ಬಂದವಳು. ಇನ್ನೊಬ್ಬಳಿಗೆ ಕೂದಲು ನರೆತಿತ್ತು. ಅವಳನ್ನು ರೇಣವ್ವ “ಕೆಂಚಕ್ಕ” ಎಂದು ಕರೆದಾಗ ನನ್ನ ಹಿಡಿಯೊಳಗಿನ ಅರಗು ಕರಗಿದಂತಾಯಿತು.

ಕೆಂಚಕ್ಕ ನನ್ನನ್ನು ಎತ್ತಿಕೊಂಡಳು. ಹೆಬ್ಬೆರಳಿನಿಂದ ಕೂದಲನ್ನು ಬಾಗಿಸಿ ಬಿಟ್ಟಳು. ಹುಟ್ಟಿದಾಗಿನಿಂದ ಮುಟ್ಟಿದ ಕೂದಲು ಅದು.

“ಹಂದಿ ಕೂದ್ಲು ಕಣೆ ಇದು,” ಎಂದಳು.

“ಹಂದಿ ಕೂದ್ಲಾ? ಇದು ಅಕ್ಕಸಾಲೇರ ಓಣಿ ಕಸ ಕಣಕ್ಕ, ಅವರ ಮನೇಲಿ ಹಂದಿ ಕೂದ್ಲೆಲ್ಲಿಂದ ಬಂತು?” ಎಂದ ರೇಣವ್ವನಿಗೆ ತಡೆಯಲಾರದಷ್ಟು ನಗು ಬಂತು. “ಹಂಗಾರೆ ಸುಂಕಮ್ಮನ ಹಂದೀದೇ ಬಿಡು! ಕಿರೀಟ ತಿಕ್ಕಿ ತಿಕ್ಕಿ ಸಾಕಾಗಿ ಇಲ್ಲಿಗೆ ಬಂದೈತೆ!”

ಕೆಂಚಕ್ಕ ನಗಲು ಬಾಯಿ ತೆರೆದಳು. ಈ ಗಾದೆಗೆ ನಗುವುದು ಅವಳಿಗೆ ಅಭ್ಯಾಸವಾಗಿತ್ತೆಂದು ಕಾಣುತ್ತದೆ. ನಗದೆ ಇದ್ದರೆ ಯಾಕೆಂದು ಕೇಳುತ್ತಾರಲ್ಲ. ಆದರೆ ಬಿಸಿಲು ನನ್ನ ಮೇಲೆ ಬಿತ್ತು. ಜಾಲಗಾರರ ಕಣ್ಣಿಗೆ ತಪ್ಪಿದ ಒಂದೆರಡು ಚಿನ್ನದ ಕಣ ಕೂದಲ ಬುಡದಲ್ಲಿ ಮಿನುಗಿದವು. ಹಿಡಿಯಲ್ಲಿ ಕಾಳಮ್ಮ ಕಟ್ಟಿದ ಹಳದಿ ದಾರ ಇನ್ನೂ ಇತ್ತು. ಕೆಂಚಕ್ಕನ ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಅವಳ ಇನ್ನೊಂದು ಕೈ ತಾನಾಗಿ ಕಿವಿಗೆ ಹೋಯಿತು. ತಂತಿ ಎಂದೋ ಮಾರಿಹೋಗಿತ್ತು, ತೂತಿನಲ್ಲಿ ಬೇವಿನ ಕಡ್ಡಿ ಇತ್ತು. ಸುಳ್ಳಿಯ ಮಗಳು ಎಂದು ಅನ್ನಿಸಿಕೊಂಡು ಬೆಳೆದವಳು, ತಾಯಿಯ ಹೆಸರನ್ನೇ ಎಲ್ಲೂ ಹೇಳದೆ ಬದುಕಿದವಳು, ಕಸದ ನಡುವೆ ಕುಕ್ಕರುಬಡಿದಳು.

“ಅವ್ವಾ,” ಎಂದಳು, ಅವತ್ತಿನ ಹಾಗೆಯೇ.

“ಯಾಕಕ್ಕ? ಏನಾಯ್ತು?” ಎಂದಳು ರೇಣವ್ವ.

ಈಗ ಹೇಳುತ್ತಾಳೆ ಎಂದುಕೊಂಡೆ. ಇಷ್ಟು ವರ್ಷ ನಾನು ಕಾದದ್ದು ಈ ಒಂದು ಬಾಯಿಗಾಗಿ. ಕೆಂಚಕ್ಕ ರೇಣವ್ವನ ನಗುಮುಖ ನೋಡಿದಳು, ನನ್ನನ್ನು ನೋಡಿದಳು. ಹೇಳಿದರೆ ರೇಣವ್ವ ಏನನ್ನುತ್ತಾಳೆಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಊರಲ್ಲಿ ಗಾದೆ ಸಿದ್ಧವಾಗಿಯೇ ಇತ್ತಲ್ಲ.

“ಏನಿಲ್ಲ ಕಣೆ,” ಎಂದಳು. “ಮೇಕೇದು.”

ಈಗ ನಾನು ಅವಳ ಮನೆಯ ಬಚ್ಚಲ ಗೂಡಿನಲ್ಲಿದ್ದೇನೆ. ಕೂದಲು ಅರ್ಧ ಉದುರಿದೆ. ದಿನಾ ಬೆಳಿಗ್ಗೆ ಅವಳು ನನ್ನಿಂದ ತನ್ನ ಒಂದೇ ಒಂದು ಹಿತ್ತಾಳೆ ತಂಬಿಗೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕುತ್ತಾಳೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿಕ್ಕುತ್ತಾಳೆ. ತಂಬಿಗೆ ದೇವಸ್ಥಾನದ ಕಿರೀಟದ ಹಾಗೆ ಹೊಳೆಯುತ್ತದೆ. ನೀರಿಗೆ ಬಂದ ಹೆಂಗಸರು ಅದನ್ನು ಕಂಡು, “ಅದ್ಯಾವ ಬ್ರಷ್ಷೇ ಕೆಂಚಕ್ಕ, ಇಂಗೆ ಹೊಳಿತೈತೆ?” ಎಂದು ಕೇಳುತ್ತಾರೆ. ಮೇಕೆ ಕೂದಲು ಎಂದು ಹೇಳಿ ಅವಳು ಒಳಗೆ ಹೋಗುತ್ತಾಳೆ.